ಬಲಿಪೂಜೆಯ ಹೊತ್ತಿನ ಕಣ್ಣೀರು

ಶಂಕರಪುರ
14 ನವೆಂಬರ್ 1983

ಪ್ರೀತಿಯ ಪ್ಯಾಟ್ರಿಶಿಯಾ,

ನಿನ್ನ ಕಾಗದ ಶುಕ್ರವಾರ ಕೈಸೇರಿತು. ಅಪ್ಪ ಒಮ್ಮೆ ಓದಿ ಮಲ್ಲಿಗೆ ಗಿಡಗಳಿಗೆ ನೀರು ಬಿಡಲು ಹೋದರು. ನಾನು ಎರಡು ಸಲ ಓದಿದೆ. ಡಿಸೆಂಬರ್ ಎಂಟಕ್ಕೆ ಸಿಸ್ಟರ್ ಆಗುವ ಮೊದಲ ವ್ರತ ಸ್ವೀಕರಿಸುವುದಿಲ್ಲ, ಕಾರ್ಕಳದ ಕಾನ್ವೆಂಟ್ ಬಿಟ್ಟು ಮನೆಗೆ ಬರುತ್ತೇನೆ, ಮಮ್ಮಿಯನ್ನು ಅಳಿಸಿ ದೇವರ ಸೇವೆ ಹೇಗೆ ಮಾಡಲಿ ಎಂದು ಬರೆದಿದ್ದೀ. ನಾನು ಪ್ರತಿ ಭಾನುವಾರ ಇಗರ್ಜಿಯ ಬಲಿಪೂಜೆಯಲ್ಲಿ ಅಳುತ್ತೇನೆ ಎಂಬ ಸುದ್ದಿ ಮುಟ್ಟಿಸಿದವಳು ನಿನ್ನ ಜೋನ್ ಅತ್ತೆ ಎಂದು ಬೇರೆ ಹೇಳಬೇಕಾಗಿಲ್ಲ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ನಾನು ಅಳುತ್ತಿಲ್ಲ. ನನಗಿರುವುದು ಕಣ್ಣು ಒಣಗುವ ಕಾಯಿಲೆ.

ನಗಬೇಡ. ಮೊನ್ನೆ ಮಣಿಪಾಲದ ಆಸ್ಪತ್ರೆಗೆ ಹೋಗಿದ್ದಾಗ ಡಾಕ್ಟರರು ಹೀಗೆಂದಾಗ ನನಗೂ ನಗು ಬಂದಿತ್ತು. ಸೆರಗು ಒದ್ದೆಯಾಗುವಷ್ಟು ನೀರು ಸುರಿಯುವ ಕಣ್ಣು ಒಣಗಿದ್ದು ಹೇಗೆ ಎಂದು ಕೇಳಿದೆ. ಅವರು ಕೆಳರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಪಟ್ಟಿಯ ತುದಿ ಮಾತ್ರ ನೆನೆಯಿತು. ಕಣ್ಣಿನಲ್ಲಿ ಯಾವಾಗಲೂ ಇರಬೇಕಾದ ಪಸೆ ಇಲ್ಲ, ಅದಕ್ಕೇ ಉರಿ, ಉರಿ ತಡೆಯಲಾರದೆ ಒಮ್ಮೆಲೇ ನೀರು ನುಗ್ಗುತ್ತದೆ, ಆ ನೀರು ಕಣ್ಣಿನಲ್ಲಿ ನಿಲ್ಲುವುದೂ ಇಲ್ಲ, ತಂಪು ಮಾಡುವುದೂ ಇಲ್ಲ ಎಂದರು. ಆಮೇಲೆ ಎಂತ ಕೆಲಸ ಮಾಡ್ತೀರಿ ಎಂದು ಕೇಳಿದರು. ಮಲ್ಲಿಗೆ ಕಟ್ಟುತ್ತೇನೆ ಎಂದೆ.

ನೀನೂ ಕಟ್ಟಿದವಳೇ, ನಿನಗೆ ಗೊತ್ತು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವನು ಬರುವುದರೊಳಗೆ ಮುಗಿಸಬೇಕು. ಆಗ ರೆಪ್ಪೆ ಮುಚ್ಚುವುದೇ ಮರೆತುಹೋಗುತ್ತದೆ. ಅದರ ಮೇಲೆ ಒಲೆಯ ಹೊಗೆ. ಮೊಗ್ಗು ಭಾನುವಾರವೆಂದು ಕಾಯುವುದಿಲ್ಲ, ಹಾಗಾಗಿ ಕಟ್ಟಿ ಮುಗಿಸಿ ಓಡಿಹೋಗಿ ಇಗರ್ಜಿಯಲ್ಲಿ ಕೂತರೆ ತಲೆಯ ಮೇಲೆ ಹೊಸ ಫ್ಯಾನು. ಫಾದರ್ ಪ್ರವಚನ ಶುರುಮಾಡುವಾಗ ನನ್ನ ಕಣ್ಣು ಸುರಿಯಲು ಶುರು. ಅವರು ಒಮ್ಮೆ ಮಗಳನ್ನು ದೇವರಿಗೆ ಕೊಟ್ಟ ತಾಯಿಯ ಕಣ್ಣೀರಿನ ಬಗ್ಗೆಯೇ ಮಾತಾಡಿದರು. ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ, ಅದೂ ದುಃಖವೆಂದೇ ಲೆಕ್ಕವಾಯಿತು.

ಪಕ್ಕದ ಮನೆಯ ಕುಶಲಾ ದಿನವೂ ನಂದಿಬಟ್ಟಲು ಹೂ ನೆನೆಸಿದ ನೀರು ತಂದು ಕಣ್ಣಿಗೆ ಬಿಡುತ್ತಿದ್ದಳು. ಡಾಕ್ಟರರು ಅದನ್ನು ನಿಲ್ಲಿಸಿದರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಮುಚ್ಚಿದ ಕಣ್ಣಿನ ಮೇಲೆ, ದಿನಕ್ಕೆ ನಾಲ್ಕು ಸಲ ಹನಿಮದ್ದು, ಉಜ್ಜಬಾರದು, ಗಾಳಿಗೆ ಎದುರು ಕೂರಬಾರದು. ಹೂ ಕಟ್ಟುವಾಗ ಆಗಾಗ ತಲೆಯೆತ್ತಿ ದೂರ ನೋಡಿ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಬೇಕಂತೆ. ಅಷ್ಟು ಪುರುಸೊತ್ತು ಎಲ್ಲಿ ಉಂಟು ಎಂದು ಕೇಳಿದೆ. ಕಣ್ಣು ಹೋದ ಮೇಲೆ ಬೇಕಾದಷ್ಟು ಪುರುಸೊತ್ತು ಸಿಗ್ತದೆ ಅಮ್ಮ ಎಂದರು. ಮಾತಿನಲ್ಲಿ ಖಾರ ಇದ್ದರೂ ಒಳ್ಳೆಯ ಮನುಷ್ಯ. ಈಗ ಒಂದೊಂದು ಚೆಂಡು ಹೂ ಕಟ್ಟಿ ಮುಗಿದಾಗಲೂ ಕಿಟಕಿಯಾಚೆ ನೋಡುತ್ತೇನೆ. ನೀನೂ ಅಲ್ಲಿ ಕಸೂತಿ ಹಾಕುವಾಗ ಹಾಗೇ ಮಾಡು.

ಆದ್ದರಿಂದ ಮಗಳೇ, ಬರುವುದಾದರೆ ನಿನಗೆ ಬೇಕೆಂದು ಬಾ. ಗೇಟು ತೆರೆದೇ ಉಂಟು, ಊರಿನವರ ಬಾಯಿಗೆ ನಾನು ಉತ್ತರ ಕೊಡುತ್ತೇನೆ. ಅಲ್ಲೇ ಇರುವ ಮನಸ್ಸಿದ್ದರೆ ವ್ರತ ತೆಗೆದುಕೋ, ನಾನೂ ಅಪ್ಪನೂ ಎಂಟಕ್ಕೆ ಮೊದಲ ಬಸ್ಸಿನಲ್ಲೇ ಬರುತ್ತೇವೆ. ಎರಡರಲ್ಲಿ ಯಾವುದಕ್ಕೂ ನನ್ನ ಕಣ್ಣನ್ನು ಕಾರಣ ಮಾಡಬೇಡ.

ಆರೋಗ್ಯ ನೋಡಿಕೋ. ಅಪ್ಪನ ಕಾಲುನೋವು ಕಡಿಮೆಯಾಗಿದೆ.

ನಿನ್ನ ಮಮ್ಮಿ,
ಜೆರ್ಟ್ರೂಡ್

ತಾ.ಕ.: ಕಾಗದ ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿದೆ. ಮಣಿಪಾಲಕ್ಕೆ ಹೋದದ್ದು ಮೊನ್ನೆಯಲ್ಲ, ಏಪ್ರಿಲ್‌ನಲ್ಲಿ, ಈಸ್ಟರ್ ಆದ ಮರುವಾರ. ಹನಿ ಹಾಕಿದರೆ ನೀರು ನಿಲ್ಲುತ್ತದೆ ಎಂದು ಆ ತಿಂಗಳಲ್ಲೇ ಗೊತ್ತಾಗಿತ್ತು. ವಾರದಲ್ಲಿ ಆರು ದಿನ ಹಾಕುತ್ತಿದ್ದೆ, ಭಾನುವಾರ ಹಾಕುತ್ತಿರಲಿಲ್ಲ. ಜೋನ್ ನನ್ನ ಪಕ್ಕದಲ್ಲೇ ಕೂರುತ್ತಾಳೆ, ತಿಂಗಳಿಗೊಮ್ಮೆ ನಿನ್ನನ್ನು ನೋಡಲು ಬರುತ್ತಾಳೆ, ಅದು ನನಗೆ ಗೊತ್ತಿತ್ತು. ನಿನ್ನೆ ಭಾನುವಾರ ಮೊದಲ ಸಲ ಹನಿ ಹಾಕಿಕೊಂಡು ಪೂಜೆಗೆ ಹೋದೆ.