ಐದನೇ ಸಂದರ್ಶನ

ಜೂನ್ 8, ಶನಿವಾರ, ಸಂಜೆ 5
ಇವತ್ತು ಎರಡು ಗುಂಪು ಪ್ರವಾಸಿಗರು. ಬೆಳಿಗ್ಗೆ ಹದಿನಾಲ್ಕು ಜನ, ಮಧ್ಯಾಹ್ನ ಒಂಬತ್ತು. ವಾರದಲ್ಲಿ ಐದು ದಿನ ಇತಿಹಾಸ ಓದುವುದು, ಎರಡು ದಿನ ಅದನ್ನೇ ಬಿಸಿಲಲ್ಲಿ ನಿಂತು ಕೂಗುವುದು. ಗಂಟಲು ಕೆಟ್ಟಿದೆ.

ಕೋಟೆ ಬಾಗಿಲ ಹತ್ತಿರ ಟೋಪಿಯ ಹೆಂಗಸೊಬ್ಬಳು ಗೋಡೆಯ ತೂತು ತೋರಿಸಿ "ಇದೇನು?" ಅಂದಳು. ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು... ಬಾಯಿಗೆ ಬಂದದ್ದು ಹೇಳಿದೆ. ಕಾವಲುಗಾರ ಯುದ್ಧಕ್ಕೆ ಹೋದ, ಹೆಂಡತಿ ದಿನಾ ಇಲ್ಲಿ ಕೈಯಿಟ್ಟು ಕಾದಳು, ಹನ್ನೆರಡು ವರ್ಷಕ್ಕೆ ಕಲ್ಲೇ ಸವೆಯಿತು. ಎಲ್ಲರೂ ಸಾಲಾಗಿ ಬಂದು ಕೈಯಿಟ್ಟು ಫೋಟೋ ತೆಗೆಸಿಕೊಂಡರು.

ಜೂನ್ 9
ರೂಮ್‌ಮೇಟ್ ಓದುವುದು ಆರ್ಕಿಟೆಕ್ಚರ್. ಹೇಳಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದಿ, ಅದು ಬಾಗಿಲಿಗೆ ಅಡ್ಡ ಮರ ಸಿಗಿಸೋ ತೂತು ಕಣೇ! ಎದುರುಗಡೆ ಗೋಡೇಲೂ ಒಂದಿದೆ, ಹೋಗಿ ನೋಡು."

ನೋಡಿದೆ. ಇದೆ. ಎರಡು ವರ್ಷದಿಂದ ಅದರ ಪಕ್ಕದ ಮನೆಯಲ್ಲೇ ವಾಸ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನ್ನ ಹತ್ತಿರ ಆ ಒಕ್ಕಾಲು ಮಾತ್ರ ಇದೆ.

ಜೂನ್ 30
ಬೇರೆ ಗೈಡುಗಳೂ ಆ ಕಥೆ ಹೇಳುತ್ತಿದ್ದಾರೆ. ಒಬ್ಬ ನನಗೇ ಹೇಳಿಕೊಟ್ಟ. ಅವನ ಪ್ರಕಾರ ಹದಿನಾಲ್ಕು ವರ್ಷ. ತಿದ್ದಲಿಲ್ಲ.

ಜುಲೈ 11
ಮೇಷ್ಟ್ರು ಕರೆದಿದ್ದರು. ಪ್ರಬಂಧ ಕೊಡಲು 31 ಕೊನೆ. ಕೋಟೆ ಬಾಗಿಲ ಬಗ್ಗೆ ಹಳಬರ ನೆನಪು — ಐದು ಸಂದರ್ಶನ ಇರಲೇಬೇಕು. ಇಲ್ಲದಿದ್ದರೆ ಇನ್ನಾರು ತಿಂಗಳು ಕಾಯಬೇಕು. ನಾಲ್ಕು ಮುಗಿದಿವೆ. ನಾಲ್ವರೂ ಹೇಳಿದ್ದು ಒಂದೇ: ಮೊದಲು ಇಷ್ಟು ಗಾಡಿ ಇರಲಿಲ್ಲ.

ಐದನೆಯವರು ಮನೆ ಓನರ್ ಅಜ್ಜಿ. ಕೆಳಗಿನ ಮನೆ. ಅವರ ಕಿಟಕಿ ತೆರೆದರೆ ಎದುರಿಗೇ ಬಾಗಿಲು. ಇಷ್ಟು ದಿನ ಹೊಳೆದೇ ಇರಲಿಲ್ಲ.

ಜುಲೈ 14, ಸಂಜೆ 6
ಅಜ್ಜಿ ಒಳ್ಳೆ ಸೀರೆ ಉಟ್ಟು ಕೂತಿದ್ದರು. ರೆಕಾರ್ಡರ್ ಆನ್ ಮಾಡಿದೆ. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು — "ಆ ಬಾಗಿಲಿಗೆ ಒಬ್ಬ ಕಾವಲುಗಾರ ಇದ್ನಂತೆ. ನಮ್ಮತ್ತೆ ಹೇಳ್ತಿದ್ರು..."

ಪೂರ್ತಿ ಹೇಳಿದರು. ನನ್ನದಕ್ಕಿಂತ ಚೆನ್ನಾಗಿ. ಅವರ ಕಥೆಯಲ್ಲಿ ಹೆಂಡತಿ ಎಡಚಿ. ಹೂಂ, ಹೂಂ ಅನ್ನುತ್ತಾ ಕೂತೆ. ಕಳ್ಳನಿಗೆ ಚೇಳು ಕುಟುಕಿದ ಹಾಗೆ.

ಜುಲೈ 16
ಮೇಷ್ಟ್ರು ರೆಕಾರ್ಡಿಂಗ್ ಎರಡು ಸಲ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ನಿನ್ನ ಪ್ರಬಂಧಕ್ಕೆ ಇದೇ ಜೀವ. ಇದನ್ನ ವಿಭಾಗದ ಪುಸ್ತಕದಲ್ಲೂ ಹಾಕ್ಸೋಣ." ಎರಡು ವರ್ಷದಲ್ಲಿ ಮೊದಲ ಹೊಗಳಿಕೆ. ಖುಷಿಯಾಯಿತು. ಅದೇ ಅಸಹ್ಯ.

ಜುಲೈ 27, ಸಂಜೆ
ಹನ್ನೊಂದು ದಿನ ಏನೂ ಬರೆದಿಲ್ಲ. ಆ ಅಧ್ಯಾಯ ಮೂರು ಸಲ ಟೈಪ್ ಮಾಡಿದೆ, ಮೂರು ಸಲ ಅಳಿಸಿದೆ. ಇವತ್ತು ಕೆಳಗೆ ಹೋದೆ. ಅಜ್ಜಿ ಬಟ್ಟೆ ಮಡಚುತ್ತಿದ್ದರು. ಹೇಳಿಬಿಟ್ಟೆ — ಅದು ನಾನು ಕಟ್ಟಿದ ಕಥೆ ಅಜ್ಜಿ, ನಿಮ್ಮತ್ತೆ ಹೇಳಿರೋಕೆ ಸಾಧ್ಯ ಇಲ್ಲ.

"ಗೊತ್ತಲ್ಲ," ಅಂದರು. "ನನ್ನ ಕಿಟಕಿ ಕೆಳಗೇ ನಿಂತು ಹೇಳ್ದೆ. ಆಮೇಲೆ ಬಾಗಿಲ ವಿಷ್ಯ ಹೇಳಿ ಅಂತ ನನ್ನ ಹತ್ರನೇ ಬಂದೆ. ನಿಂಗೆ ಬೇಕಾಗಿರೋದು ಅದೇ ಅಂದ್ಕೊಂಡೆ. ಬರಿಗೈಲಿ ಹೆಂಗೆ ಕಳ್ಸೋದು?"

"ನಿಮ್ಮದೇ ಏನೂ ಇಲ್ವಾ ಅಜ್ಜಿ?" ಜೇಬಿನಿಂದ ರೆಕಾರ್ಡರ್ ತೆಗೆದು ಆನ್ ಮಾಡಿದೆ.

ಒಂದು ಟವೆಲ್ ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು. "ಮೊದ್ಲು ಅದನ್ನ ಆಫ್ ಮಾಡು." ಮಾಡಿದೆ.

"ಆಸ್ಪತ್ರೆಗೆ ಹೊರಟಿದ್ವಿ. ಬಾಗಿಲಲ್ಲಿ ಸೌದೆ ಗಾಡಿ ಸಿಕ್ಹಾಕ್ಕೊಂಡಿತ್ತು, ಹಿಂದೂ ಇಲ್ಲ ಮುಂದೂ ಇಲ್ಲ. ನನ್ನ ದೊಡ್ಡ ಮಗಳು ಅಲ್ಲೇ ಹುಟ್ಟಿದ್ಳು. ಕಲ್ಲಿನ ಮೇಲೆ."

ಅವರಿಗೆ ಮಗನೊಬ್ಬನೇ ಅಂದುಕೊಂಡಿದ್ದೆ. ಯಾರಿಗೂ ಯಾಕೆ ಹೇಳಿಲ್ಲ, ಕೇಳಿದೆ.

"ಹುಟ್ಟಿದ್ದು ಹೇಳಿದ್ರೆ ಹೋಗಿದ್ದೂ ಹೇಳ್ಬೇಕಲ್ಲ. ಒಂಬತ್ತು ದಿನ." ಟವೆಲ್ ಪಕ್ಕಕ್ಕಿಟ್ಟು, "ಇದನ್ನ ನಿಮ್ಮ ಮೇಷ್ಟ್ರಿಗೆ ಕೊಡ್ಬೇಡ. ನಾಳೆ ಜನ ಅಲ್ಲಿ ನಿಂತು ಫೋಟೋ ತೆಗೀತಾರೆ."

ಉಳಿದ ಬಟ್ಟೆ ಇಬ್ಬರೂ ಸೇರಿ ಮಡಚಿದೆವು. ಮೇಲೆ ಬಂದು ಅತ್ತುಬಿಟ್ಟೆ. ಯಾಕೆ ಅಂತ ರೂಮ್‌ಮೇಟ್ ಕೇಳಿದಳು, ತಲೆನೋವು ಅಂದೆ.

ಜುಲೈ 31, ಮಧ್ಯಾಹ್ನ 3
ನಾಲ್ಕೇ ಸಂದರ್ಶನ ಕೊಟ್ಟೆ. ಮೇಷ್ಟ್ರು ಹಾಳೆ ತಿರುವಿದರು. "ಅಜ್ಜಿದು?" ನಾನು ಕಟ್ಟಿದ ಕಥೆ ಸರ್, ಅವರ ತಪ್ಪಿಲ್ಲ, ಅಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆರು ತಿಂಗಳು ಹೋಗುತ್ತೆ, ಗೊತ್ತು ತಾನೇ? ಆಯಮ್ಮನ ಹತ್ರ ನಿಜವಾದ್ದು ಒಂದೂ ಸಿಗಲಿಲ್ವಾ?"

ಸಿಗಲಿಲ್ಲ ಸರ್.

ಪ್ರಬಂಧ ಸಲ್ಲಿಸುವ ಫಾರಂ ಸಹಿಯಿಲ್ಲದೆ ವಾಪಸ್ ತಂದು ಮೇಜಿನ ಮೇಲಿಟ್ಟಿದ್ದೇನೆ. ಅವತ್ತು ಅಜ್ಜಿ ಮಗುವಿನ ಹೆಸರನ್ನೂ ಹೇಳಿದ್ದರು. ಅದನ್ನು ಇಲ್ಲಿ ಕೂಡ ಬರೆಯುವುದಿಲ್ಲ.