ನಿದ್ದೆ ಬರಿಸುವ ಕೈಗಳಿಗೆ

ಗದಗ
ಫೆಬ್ರವರಿ ಮೂವತ್ತು, ೨೨೧೪

ನನಗಿಂತ ಕಿರಿಯರಾದ ನನ್ನ ಹಿರಿಯರೇ,

ತಾರೀಖು ನೋಡಿ ಮುದುಕನಿಗೆ ಅರಳುಮರಳು ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಪಾಪದ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಚನ್ನವೀರ ಹೂಲಿ, ಸುಮಾರು ಇನ್ನೂರು ವರ್ಷ ಹಿಂದಿರುವ ನಿಮ್ಮ ಹಾಗೆಯೇ ಅರಿವಳಿಕೆ ಕೊಡುತ್ತಿದ್ದವನು. ಜೀವನವಿಡೀ ಜನರನ್ನು ಮಲಗಿಸಿದೆ. ನಾಳೆ ಬೆಳಿಗ್ಗೆ ಹರ್ನಿಯಾ ಆಪರೇಷನ್ನಿಗೆ ನಾನೇ ಮಲಗಬೇಕು.

ನಮ್ಮಲ್ಲಿ ಕೊಯ್ಯುವುದು, ಹೊಲಿಯುವುದು ಎಲ್ಲ ಯಂತ್ರದ ಕೆಲಸ. ನಿದ್ದೆ ಬರಿಸಲು ಮಾತ್ರ ಮನುಷ್ಯರೇ ಬೇಕೆಂದು ರೋಗಿಗಳು ಹಟ ಹಿಡಿದರು, ಹಾಗಾಗಿ ನಮ್ಮ ಕಸುಬು ಉಳಿಯಿತು. ನಿಮ್ಮ ಅನಸ್ತೇಸಿಯಾ ಮಷೀನಿಗೆ ನಾವು ನಿದ್ದೆಪೆಟ್ಟಿಗೆ ಅನ್ನುತ್ತೇವೆ; ಈಗ ಅದು ಟ್ರಂಕಿನಷ್ಟಿದೆ, ಬೇಕೆಂದರೆ ಜೋಗುಳವನ್ನೂ ಹಾಡುತ್ತದೆ. ಸ್ಯಾನಿಟೈಸರ್‌ಗೆ ಒಣನೀರು ಅನ್ನುತ್ತೇವೆ. ಗೋಡೆಯಿಂದ, ಕುರ್ಚಿಯ ಕೈಯಿಂದ, ಕರೆದರೆ ಸೂರಿನಿಂದಲೂ ಸುರಿಯುತ್ತದೆ. ಕರೆಯುವವರು ಬೇಕಲ್ಲ.

ನಾಳೆ ನನ್ನನ್ನು ಮಲಗಿಸುವವಳು ಡಾಕ್ಟರ್ ಗುರುದೇವಿ, ಗೆಳೆಯನ ಮೊಮ್ಮಗಳು. ಕೈಗುಣ ಒಳ್ಳೆಯದೆಂದು ಊರೆಲ್ಲ ಹೊಗಳುತ್ತದೆ. ಗುಣ ಸರಿ, ಆ ಕೈಗೆ ಅಂಟಿದ್ದೇನು ಎಂದು ನೋಡಲು ಇವತ್ತೊಂದು ಕಿತಾಪತಿ ಮಾಡಿದೆ. ನಮ್ಮ ಮಕ್ಕಳ ಆಟಕ್ಕೆ ಚಾಡಿಪುಡಿ ಅಂತ ಸಿಗುತ್ತದೆ. ಬರಿಗಣ್ಣಿಗೆ ಕಾಣದು, ನೀಲಿ ದೀಪ ಹಿಡಿದರೆ ಹೊಳೆದು, ಮುಟ್ಟಿದವರ ಚಾಡಿ ಹೇಳುತ್ತದೆ. ಅದನ್ನು ಆಸ್ಪತ್ರೆಯ ಅಭ್ಯಾಸದ ಬೊಂಬೆಯ ಬಾಯೊಳಗೆ ಸವರಿಟ್ಟು, ನಾಳೆಯದನ್ನು ಒಮ್ಮೆ ಮಾಡಿ ತೋರಿಸು ಎಂದೆ. ಗುರುದೇವಿ ಗ್ಲೌಸ್ ಹಾಕಿ, ಬೊಂಬೆಯ ಗಂಟಲಿಗೆ ಉಸಿರಿನ ಕೊಳವೆ ಇಳಿಸಿ, ಅದೇ ಕೈಯಲ್ಲಿ ನಿದ್ದೆಪೆಟ್ಟಿಗೆಯ ಗುಂಡಿ ತಿರುಗಿಸಿ, ಅದೇ ಕೈಯಲ್ಲಿ ಡ್ರಿಪ್ಪಿಗೆ ಔಷಧ ಚುಚ್ಚಿದಳು. ದೀಪ ಹಿಡಿದೆ. ಬಾಯಿ, ಗುಂಡಿ, ಸಿರಿಂಜು, ಡ್ರಿಪ್ಪಿನ ಬಾಯಿ, ಎಲ್ಲ ಹೊಳೆಯಿತು.

"ದೀಪಾವಳಿ ಮಾಡೀಯಲ್ಲವ್ವ," ಎಂದೆ.

"ಗ್ಲೌಸ್ ಹಾಕ್ಕೊಂಡಿದ್ನಲ್ರೀ ಅಜ್ಜಾರ."

"ಗ್ಲೌಸು ನಿನ್ನ ಕೈ ಕಾಯ್ತದ. ನನ್ನ ಕಾಯೋರು ಯಾರು?"

"ಶುರು ಮಾಡೂ ಮೊದಲ ಕೈ ತೊಳ್ಕೊಂಡೇನ್ರೀ. ನಡುವ ಮುಟ್ಟಿದ್ದು ಪೆಟ್ಟಿಗಿ ಅಷ್ಟ. ಪೆಟ್ಟಿಗಿ ಏನ್ ರೋಗಿ ಅಲ್ಲಲ್ರೀ."

ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ, ನಿಮ್ಮ ಮೇಲೆ. ಹಳೆಯ ವಿಡಿಯೋಗಳಲ್ಲಿ ನೀವು ಇದೇ ಮಾತು ಹೇಳುವುದನ್ನು ಕೇಳಿದ್ದೇನೆ. ನಿಮ್ಮ ಮಷೀನು ಗುಜರಿ ಸೇರಿತು, ನಿಮ್ಮ ಔಷಧ ಮ್ಯೂಸಿಯಂ ಸೇರಿತು, ಈ ಮಾತೊಂದು ಮಾತ್ರ ಗುರುವಿನಿಂದ ಶಿಷ್ಯರಿಗೆ ದಾಟುತ್ತ ನಮ್ಮವರೆಗೆ ಬಂದಿದೆ. ಆಸ್ತಿ ಬಿಟ್ಟುಹೋಗಿ ಅಂದರೆ ಅಂಟು ಬಿಟ್ಟುಹೋಗಿದ್ದೀರಿ.

ನಿಮಗಿನ್ನೂ ಸಮಯವಿದೆ. ಕೊಳವೆ ಇಳಿಸಿದ ಕೂಡಲೇ ಗ್ಲೌಸ್ ಕಳಚಿ, ಕೈಗೆ ಸ್ಯಾನಿಟೈಸರ್ ಉಜ್ಜಿ, ಆಮೇಲೆ ಗುಂಡಿ ಮುಟ್ಟಿ. ಗುಂಡಿಯಿಂದ ಡ್ರಿಪ್ಪಿಗೆ ಬರುವ ಮೊದಲು ಮತ್ತೆ ಉಜ್ಜಿ. ಕಲಿಯುವವರ ಎದುರಿಗೇ ಮಾಡಿ. ಅವರು ನೀವು ಹೇಳಿದ್ದನ್ನು ಮರೆತರೂ ಮಾಡಿದ್ದನ್ನು ಮರೆಯುವುದಿಲ್ಲ.

"ನಾಳೆ ನೆನಪಿಡ್ತೀನ್ರೀ ಅಜ್ಜಾರ," ಎಂದು ಗುರುದೇವಿ ಹೋಗಿದ್ದಾಳೆ. ನೀಲಿ ದೀಪ ನನ್ನ ದಿಂಬಿನ ಕೆಳಗಿದೆ. ಆದರೆ ನನ್ನ ಬಾಯಿಂದ ಅವಳ ಕೈ ಡ್ರಿಪ್ಪಿಗೆ ಬರುವ ಹೊತ್ತಿಗೆ, ದೀಪ ಹಿಡಿಯಬೇಕಾದವನಿಗೇ ನಿದ್ದೆ ಬಂದಿರುತ್ತದೆ. ನಿಮ್ಮೆದುರು ಮಲಗಿದವರಿಗೂ ಹಾಗೆಯೇ.

ಎಚ್ಚರವಿರುವಷ್ಟು ಹೊತ್ತು ನಿಮ್ಮವನು,
ಚನ್ನವೀರ ಹೂಲಿ