ಪಂಜರದೊಳಗೆ ಬಿದ್ದ ತಲೆವಸ್ತ್ರ ‘ಹೊರಗಿನ ವಸ್ತು’ವೇ?

ಮಿಶ್ರ ಸಮರಕಲೆ ಒಕ್ಕೂಟದ ಮಾನ್ಯ ಅಧ್ಯಕ್ಷರೇ,

ಒಬ್ಬ ತಾಯಿ ತನ್ನ ತಲೆವಸ್ತ್ರ ಎಸೆದು ಹೊಡೆದಾಟ ನಿಲ್ಲಿಸಿದಳು. ಅದಕ್ಕೆ ಆಕೆ ಕ್ಷಮಾಪಣೆ ಬರೆದುಕೊಡಬೇಕೆಂದು ನಿಮ್ಮ ಕಚೇರಿ ನೋಟಿಸು ಕಳಿಸಿದೆ. ಬರೆದುಕೊಡದಿದ್ದರೆ ಆಕೆಯ ಮಗ ಮುರ್ತಾಜಲಿಯ ಪರವಾನಗಿ ಶಾಶ್ವತವಾಗಿ ರದ್ದು. ಅಪರಾಧ: ‘ಕಣದೊಳಕ್ಕೆ ಹೊರಗಿನ ವಸ್ತುವಿನ ಪ್ರವೇಶ’. ದಾಗೆಸ್ತಾನದಲ್ಲೇ ಕೂತು, ದಾಗೆಸ್ತಾನದ ಹೆಣ್ಣಿನ ತಲೆವಸ್ತ್ರಕ್ಕೆ ಈ ಹೆಸರಿಟ್ಟ ಮಹಾನುಭಾವ ಯಾರು?

ನಾನು ಈ ಆಟದ ಶತ್ರುವಲ್ಲ. ಕಿಟಕಿಯಿಲ್ಲದ ನೆಲಮಾಳಿಗೆಗಳಲ್ಲಿ, ಹರಿದ ಚಾಪೆಗಳ ಮೇಲೆ ನಮ್ಮ ಹುಡುಗರು ಇದನ್ನು ಕಲಿಯುತ್ತಿದ್ದಾಗ ಪತ್ರಿಕೆಗಳು ಪುಂಡರ ಜಗಳ ಎಂದು ಬರೆಯುತ್ತಿದ್ದವು. ಆಗಲೂ ಹೋಗಿ ನೋಡಿದವನು ನಾನು. ಇಂದು ಮಂತ್ರಿಗಳು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮಖಾಚ್‌ಕಲಾದ ಬಜಾರಿನಲ್ಲಿ ಬೆಣ್ಣೆ ಮಾರುವ ಹೆಂಗಸರು ಯಾರ ಕತ್ತಿನ ಪಟ್ಟು ಬಿಗಿ ಎಂದು ಗಿರಾಕಿಗಳೊಂದಿಗೆ ವಾದಕ್ಕೆ ಬೀಳುತ್ತಾರೆ. ಸಂತೋಷ. ಕೆಲಸವಿಲ್ಲದ ಊರಿನ ಮಕ್ಕಳಿಗೆ ಅನ್ನದ ದಾರಿಯಾಯಿತು. ಆದರೆ ದೊಡ್ಡವರಾಗುವ ಭರದಲ್ಲಿ ನಾವು ಯಾರನ್ನು ಹೊರಗೆ ನಿಲ್ಲಿಸಿದೆವು?

ಆ ಸಂಜೆ ನಡೆದದ್ದನ್ನು ನಿಮ್ಮ ನೋಟಿಸು ಪೂರ್ತಿ ಹೇಳಿಲ್ಲ. ನಾನು ಹೇಳುತ್ತೇನೆ, ಅಲ್ಲಿದ್ದೆ.

ಮುರ್ತಾಜಲಿ ಗೆಲ್ಲುತ್ತಿದ್ದ. ಲಾಕ್ ಜನಾಂಗದ ಹುಡುಗ ಸುರ್ಖಾಯ್‌ನನ್ನು ಪಂಜರದ ಬೇಲಿಗೆ ಒತ್ತಿ ಕೆಡವಿ, ಮೇಲೆ ಕೂತು ಗುದ್ದುತ್ತಿದ್ದ. ಸುರ್ಖಾಯ್‌ನ ಕೈ ಸೋತು ಬಿದ್ದಿದ್ದವು, ಕಣ್ಣು ಮೇಲಕ್ಕೆ ಹೋಗಿದ್ದವು. ತೀರ್ಪುಗಾರ ನೋಡುತ್ತಲೇ ಇದ್ದ. ಕುಟುಂಬದವರ ಸಾಲಿನಿಂದ ಎದ್ದವಳು ಗೆಲ್ಲುತ್ತಿದ್ದವನ ತಾಯಿ ಜಾಗಿದತ್. ನೆನಪಿಡಿ, ಗೆಲ್ಲುತ್ತಿದ್ದವನ ತಾಯಿ. ಕುರ್ಚಿ ಹತ್ತಿ, ತಲೆಯ ಮೇಲಿನ ಬಟ್ಟೆ ಕಿತ್ತು, ಮುದ್ದೆ ಮಾಡಿ ಬೇಲಿಯಾಚೆ ಎಸೆದಳು.

“ಬಿಡೋ ಮಗಾ! ಅವನ ಕಣ್ಣು ನೋಡೋ! ಅವನೂ ಒಬ್ಬಳು ಹೆತ್ತ ಮಗ ಕಣೋ!”

ಬಟ್ಟೆ ಗಾಳಿಯಲ್ಲಿ ಬಿಚ್ಚಿಕೊಂಡು ಇಬ್ಬರ ಮಧ್ಯೆ ಬಿತ್ತು. ಮುರ್ತಾಜಲಿ ಎತ್ತಿದ ಮುಷ್ಟಿಯನ್ನು ಇಳಿಸಿದ. ಎದ್ದು ನಿಂತ.

ನಮ್ಮ ಬೆಟ್ಟಗಳ ರೂಢಿಯಲ್ಲಿ ಹೆಣ್ಣಿನ ತಲೆವಸ್ತ್ರ ನಡುವೆ ಬಿದ್ದರೆ ಹಿರಿದ ಚೂರಿಯೂ ಒರೆಗೆ ಮರಳಬೇಕು. ತಲೆಮಾರಿನ ರಕ್ತದ ಹಗೆಯೂ ಅಲ್ಲಿಗೆ ನಿಲ್ಲಬೇಕು. ಇದನ್ನು ನಿಮಗೆ, ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದ ನಿಮಗೆ, ನಾನು ವಿವರಿಸಬೇಕಾಗಿ ಬಂದಿದೆಯಲ್ಲ, ಬರೆಯುವ ನನ್ನ ಮುಖವೇ ಬಿಸಿಯಾಗುತ್ತಿದೆ.

ತೀರ್ಪುಗಾರ ಆ ಬಟ್ಟೆಯನ್ನು ಬೂಟುಗಾಲಿನಿಂದ ಮೂಲೆಗೆ ಸರಿಸಿ, “ಹೊಡಿ! ಯಾಕೆ ನಿಂತೆ?” ಎಂದು ಗದರಿದ.

“ನಮ್ಮಮ್ಮ ಬೇಡ ಅಂದಿದಾಳೆ.”

“ನಿಮ್ಮಮ್ಮ ಇಲ್ಲಿ ತೀರ್ಪುಗಾರಳೇನೋ?”

ಸಭಾಂಗಣ ನಕ್ಕಿತು. ನನ್ನ ಹಿಂದಿನವನು ಕೂಗಿದ: “ಏ ಅತ್ತೆ, ಬಟ್ಟೆ ಒಣಗಿಸೋಕೆ ಬೇರೆ ಬೇಲಿ ಸಿಗಲಿಲ್ವಾ?” ಮತ್ತೆ ನಗು. ನರೆತ ಬರಿದಲೆಯನ್ನು ಎರಡು ಕೈಯಲ್ಲಿ ಮುಚ್ಚಿಕೊಂಡು ಆಕೆ ಕುರ್ಚಿಯ ಮೇಲೆ ನಿಂತಿದ್ದಳು. ಸಾವಿರಾರು ಗಂಡಸರಿದ್ದೆವು. ಒಬ್ಬನಾದರೂ ಕೋಟು ಬಿಚ್ಚಿ ಆ ತಲೆಗೆ ಹೊದಿಸಲಿಲ್ಲ. ಫೋನು ಎತ್ತಿದವರೇ ಹೆಚ್ಚು. ಅತ್ತ ಮುರ್ತಾಜಲಿ ‘ಹೋರಾಡಲು ನಿರಾಕರಿಸಿದ’ ಕಾರಣಕ್ಕೆ ಸೋತನಂತೆ. ನಿಲ್ಲಲೂ ಆಗದ ಸುರ್ಖಾಯ್‌ನನ್ನು ಇಬ್ಬರು ಹಿಡಿದುಕೊಂಡರು, ಮೂರನೆಯವನು ಅವನ ಕೈ ಎತ್ತಿದ. ಎಂಥ ವಿಜಯ!

ನಿಮ್ಮ ಭಿತ್ತಿಪತ್ರಗಳಲ್ಲಿ ಏನಿರುತ್ತದೆ? ಹದ್ದು, ಕಲ್ಲಿನ ಗೋಪುರ, ‘ಬೆಟ್ಟದ ಮಕ್ಕಳ ಮಾನ’ ಎಂಬ ದಪ್ಪಕ್ಷರ. ಆಟಗಾರ ಕುರಿಯ ತುಪ್ಪಳದ ಪಾಪಖಾ ಟೋಪಿ ಇಟ್ಟುಕೊಂಡು ಡೋಲಿನ ಸದ್ದಿಗೆ ಬರಬೇಕು, ಇಲ್ಲದಿದ್ದರೆ ಟಿಕೇಟು ಮಾರಾಟವಾಗದು. ಗಂಡಸಿನ ಟೋಪಿ ಸಂಪ್ರದಾಯ, ಹೆಂಗಸಿನ ತಲೆವಸ್ತ್ರ ಹೊರಗಿನ ವಸ್ತು! ಕೊಲ್ಲುವ ಹುರುಪು ಕೊಡುವ ರೂಢಿಯೆಲ್ಲ ಒಳಗೆ ಬರಲಿ, ಕೊಲ್ಲಬೇಡ ಎನ್ನುವುದೊಂದು ಬೇಡ. ಇದೇ ತಾನೇ ನಿಮ್ಮ ನಿಯಮಾವಳಿಯ ತಾತ್ಪರ್ಯ? ಪ್ರೇಕ್ಷಕರು ಆಟ ನಿಲ್ಲಿಸುತ್ತಾ ಹೋದರೆ ಕ್ರೀಡೆ ಉಳಿಯುವುದೇ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಿಮ್ಮ ತೀರ್ಪುಗಾರನಿಗೆ ಕಣ್ಣಿದ್ದಿದ್ದರೆ ಆಕೆ ಕುರ್ಚಿ ಹತ್ತುತ್ತಿದ್ದಳೇ?

ಮೂರನೆಯ ದಿನ ಸುರ್ಖಾಯ್ ತಲೆಗೆ ಪಟ್ಟಿ ಕಟ್ಟಿಕೊಂಡು ಅಪ್ಪನ ಜೊತೆ ಜಾಗಿದತ್ ಮನೆಗೆ ಬಂದ.

“ಅಮ್ಮಾ, ನಾನು ಗೆದ್ದಿಲ್ಲ.”

“ಗೆಲುವು ಸೋಲು ಆಮೇಲೆ ನೋಡೋಣ, ಕೂತ್ಕೊ. ಖಿಂಕಲ್ ಕಡುಬು ಮಾಡಿದೀನಿ. ಅಗಿಯೋಕೆ ಆಗುತ್ತಾ ನಿಂಗೆ?”

“ಅವನ ಹಲ್ಲು ಗಟ್ಟಿ ಇವೆ ಬಿಡಮ್ಮ, ನನ್ನ ಕೈಯೇ ನೋಯ್ತಿದೆ,” ಎಂದ ಮುರ್ತಾಜಲಿ. ಎಲ್ಲರೂ ನಕ್ಕರು. ನೆರೆಮನೆಯವನಾದ ನಾನೂ ಅಲ್ಲಿದ್ದೆ. ನನಗೆ ನಗು ಬರಲಿಲ್ಲ.

ನೋಟಿಸು ಬಂದದ್ದು ಆಮೇಲೆ. “ನನ್ನಿಂದ ನಿನ್ನ ಅನ್ನ ಹೋಗೋದಾದ್ರೆ ಬರೆದುಕೊಟ್ಟುಬಿಡ್ತೀನೋ,” ಎಂದಳು ತಾಯಿ. “ನೀನು ಬರೆದುಕೊಟ್ರೆ ನಾನು ಇನ್ನು ಪಂಜರದೊಳಗೆ ಕಾಲಿಡಲ್ಲ,” ಎಂದ ಮಗ. ಎಳೆತನದಿಂದ ಬೇರೇನನ್ನೂ ಕಲಿಯದ ಹುಡುಗ ಅವನು. ಬರೆದರೂ ಅವನ ಆಟ ಮುಗಿಯಿತು, ಬರೆಯದಿದ್ದರೂ ಮುಗಿಯಿತು. ಒಂದು ಹಾಳೆಯಲ್ಲಿ ಇಷ್ಟು ಅಚ್ಚುಕಟ್ಟಾದ ಕತ್ತಿನ ಪಟ್ಟು ಹಾಕಿದ ನಿಮ್ಮ ಕಚೇರಿಗೆ ಚಾಂಪಿಯನ್ ಪಟ್ಟ ಕೊಡಬೇಕು.

ನೋಟಿಸು ಹಿಂತೆಗೆದುಕೊಳ್ಳಿ. ಬೂಟಿನಿಂದ ಬಟ್ಟೆ ಸರಿಸಿದವನನ್ನು ಕಣದಿಂದ ಇಳಿಸಿ. ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿ. ಒಬ್ಬರೇ ಹೋಗಲು ನಾಚಿಕೆಯಾದರೆ ನಾನೂ ಬರುತ್ತೇನೆ, ನನಗೂ ಕೇಳುವುದಿದೆ.

ಇಲ್ಲವೆಂದರೆ ನೋಟಿಸಿನಲ್ಲಿ ನೀವು ಗೊತ್ತುಮಾಡಿರುವ ವಿಚಾರಣೆಯ ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರು ನಿಮ್ಮ ಕಚೇರಿಗೆ ಬರುತ್ತಾರೆ. ಘೋಷಣೆ ಇರುವುದಿಲ್ಲ. ತಮ್ಮ ತಲೆವಸ್ತ್ರಗಳನ್ನು ಒಬ್ಬೊಬ್ಬರಾಗಿ ನಿಮ್ಮ ಮೆಟ್ಟಿಲ ಮೇಲೆ ಹಾಸಿ ಸುಮ್ಮನೆ ನಿಲ್ಲುತ್ತಾರೆ. ನಿಮ್ಮ ತಾಯಿಗೂ ಹೇಳಿ ಕಳಿಸಿದ್ದಾರೆ. ಅವರೂ ಬರುತ್ತೇನೆ ಎಂದಿದ್ದಾರಂತೆ. ತುಳಿದುಕೊಂಡು ಒಳಗೆ ಹೋಗುವ ಧೈರ್ಯವಿದ್ದರೆ ಹೋಗಿ, ಹೋಗಿ ತೀರ್ಪು ಬರೆಯಿರಿ.

ಇಂತಿ,
ಆ ಸಂಜೆ ಕೋಟು ತೊಟ್ಟುಕೊಂಡೇ ಕೂತಿದ್ದ ಗಂಡಸರಲ್ಲಿ ಒಬ್ಬ